ಷಣ್ಮುಖಪ್ಪನ ಮೀಸೆ ಮತ್ತು ಕರಿಯ ಕಾಲಾಳು

ಅಜ್ಜಂಪುರದ ಜವಳಿ ಅಂಗಡಿ ಷಣ್ಮುಖಪ್ಪನಿಗೆ ಎರಡು ಹೆಮ್ಮೆ. ಒಂದು ಮೀಸೆ, ಇನ್ನೊಂದು ಚದುರಂಗ. ಕಡೂರು ಸಂತೆಯಲ್ಲಿ ಅವನನ್ನು ಹುಡುಕುವವರು ಹೆಸರು ಹೇಳುತ್ತಿರಲಿಲ್ಲ, ಮೂಗಿನ ಕೆಳಗೆ ಎರಡು ಬೆರಳು ತಿರುವಿ ತೋರಿಸಿದರೆ ಸಾಕಿತ್ತು. ಅಂಥ ಮೀಸೆ. ಚದುರಂಗ ಎಂಥದ್ದು ಎಂಬುದನ್ನು ಮಾತ್ರ ಅವನ ಬಾಯಿಂದಲೇ ಕೇಳಬೇಕು, ಬೇರೆ ಯಾರೂ ಹಾಗೆ ಹೇಳುತ್ತಿರಲಿಲ್ಲ.

ಈ ಎರಡಕ್ಕೂ ಒಂದು ನಂಟಿತ್ತು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಪಂಕಜಾಕ್ಷಿಗೆ. ಪಂಕಜಾಕ್ಷಿ ಅವನ ಸೋದರಮಾವನ ಮಗಳು. ಚಿಕ್ಕಂದಿನಲ್ಲಿ ದೇವನೂರಿನ ಮಾವನ ಮನೆಯಲ್ಲಿ ಇಬ್ಬರೂ ಆಟಕ್ಕೆ ಕೂತಿದ್ದಾಗ, ಸೋಲು ಎದುರಿಗೆ ಕಂಡು ಷಣ್ಮುಖಪ್ಪ ಇಟ್ಟ ನಡೆಯನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡ. ಹುಡುಗಿ ಮಣೆ ಎತ್ತಿ ಬೀಸಿದಳು. ಮೇಲ್ದುಟಿ ಸೀಳಿತು, ಗಾಯ ಮಾಯ್ದರೂ ಗುರುತು ಮಾಯಲಿಲ್ಲ. ಮೀಸೆ ಬಂತು, ಗುರುತು ಮುಚ್ಚಿತು, ಮಾನ ಉಳಿಯಿತು.

ಮುಂದೆ ಅದೇ ಹುಡುಗಿಯನ್ನು ಮದುವೆಯಾದನೇನೋ ಸರಿ, ಅವಳೆದುರು ಮಣೆ ಮಾತ್ರ ಹಾಸಲಿಲ್ಲ. "ಇದು ಹೆಂಗಸ್ರ ಆಟ ಅಲ್ಲ ಕಣೇ" ಅಂದುಬಿಟ್ಟ. ಭಯ ಅಂತ ಹೇಳುವುದಕ್ಕಾಗುತ್ತದೆಯೇ? ಅವಳು ಬಾಗಿಲ ಹಿಂದೆ ಅಕ್ಕಿ ಆರಿಸುತ್ತ, ಜಗಲಿಯ ಆಟಗಳನ್ನೆಲ್ಲ ಕಿವಿಯಲ್ಲೇ ಆಡಿಕೊಂಡು ವರ್ಷಗಳನ್ನು ಕಳೆದಳು.

ಎಪ್ಪತ್ತೆಂಟನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ ಬೀಗರು ಮಲ್ಲಿಕಾರ್ಜುನಯ್ಯ ಬಂದರು. ಮಗಳನ್ನು ಕೊಟ್ಟ ಮನೆಯ ಯಜಮಾನರು, ಶಿವನಿ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕು. ರೈಲಿನಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪೇಪರು ಅವರ ಕಂಕುಳಲ್ಲಿತ್ತು. ಯಾವುದೋ ಚಳಿದೇಶದಲ್ಲಿ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳು ಆಡಿದ ಆಟ ಅದರಲ್ಲಿ ಮೊದಲಿಂದ ಕೊನೆಯವರೆಗೆ ಅಚ್ಚಾಗಿತ್ತು. ಬೀಗರು ಓದುವುದು, ಷಣ್ಮುಖಪ್ಪ ಕಾಯಿ ನಡೆಸಿ ವಿವರಿಸುವುದು ಅಂತಾಯಿತು. ಜಗಲಿ ತುಂಬಿತು.

"ನೋಡ್ರಪ್ಪಾ, ಬಿಳಿ ರಾಜನ ಮುಂದಿನ ಕಾಲಾಳು ಒಂದೇ ಸಲಕ್ಕೆ ಎರಡು ಮನೆ! ಬಸ್ಸಿನ ಕಿಟಕೀಲಿ ಟವಲ್ ಹಾಕಿ ಸೀಟು ಹಿಡಿದಂಗೆ" ಅಂತ ಷಣ್ಮುಖಪ್ಪ ಶುರುಮಾಡಿದ. ರಾಜ ಒಂದೇ ನಡೆಗೆ ಮೂಲೆಗೆ ಸರಿದು ಆನೆಯ ಮರೆಗೆ ಹೋದಾಗ, "ಅಮಲ್ದಾರ್ ಬಂದ ಅಂತ ಪಟೇಲ ಅಟ್ಟ ಹತ್ತಿದ" ಎಂದ. ಕುದುರೆಗೆ ಕುದುರೆ, ಒಂಟೆಗೆ ಒಂಟೆ ಹೋದವು. ಬಿಳಿಯವನು ಮಂತ್ರಿಯನ್ನು ಅಂಚಿಗೆ ಕಳಿಸಿದಾಗ ಷಣ್ಮುಖಪ್ಪ ಹಣೆ ಚಚ್ಚಿಕೊಂಡ. "ತಪ್ಪಿದ ನೋಡ್ರೀ! ಅಡಿಗೆಯವನನ್ನ ಕರ್ಕೊಂಡೋಗಿ ವಾಲಗದೋರ ಜೊತೆ ಕೂರಿಸ್ದ!"

ಅಷ್ಟರಲ್ಲಿ ಮಲ್ಲಿಕಾರ್ಜುನಯ್ಯ ಪೇಪರು ಮಡಚಿದರು. "ಮುಗೀತು. ಬಿಳಿಯವನು ಸೋಲೊಪ್ಕೊಂಡ."

"ಹೆಂಗೆ ಮುಗೀತದೆ? ರಾಜ ಬದುಕೇ ಇದಾನಲ್ರೀ! ಉಸಿರಾಡ್ತಿರೋನಿಗೆ ಗುಂಡಿ ತೋಡಿದಂಗಾಯ್ತು. ಇಲ್ಲಿಂದ ನಾನು ಬಿಳಿ ಆಡ್ತೀನಿ, ನೀವು ಕರಿ ಆಡಿ. ಸೋತ್ರೆ ಮೀಸೆ ಬೋಳಿಸ್ತೀನಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮೇಲೆ ಷಣ್ಮುಖಪ್ಪನಿಗೆ ತುಟಿಯ ಗುರುತಿನ ನೆನಪಾಯಿತು. ಎದುರುಗಡೆ ಕ್ಷೌರದ ರಂಗಪ್ಪ ಆಗಲೇ ಕತ್ತಿ ಮಸೆಯುತ್ತಿದ್ದ.

ಇಬ್ಬರೂ ಕಡಿದಾಡಿ, ಕೊನೆಗೆ ಮಣೆಯ ಮೇಲೆ ಉಳಿದದ್ದು ಷಣ್ಮುಖಪ್ಪನ ಒಂಟಿ ರಾಜ, ಬೀಗರ ರಾಜ ಮತ್ತು ಕುದುರೆ ಸಾಲಿನಲ್ಲಿ ಒಂದು ಕರಿ ಕಾಲಾಳು. ಮಲ್ಲಿಕಾರ್ಜುನಯ್ಯ ಅದನ್ನು ಕೊನೆಯ ಮನೆಗೆ ನೂಕಿ, ಅದರ ಜಾಗದಲ್ಲಿ ಮಂತ್ರಿಯನ್ನು ಕೂರಿಸಿದರು. ಷಣ್ಮುಖಪ್ಪ ಇದಕ್ಕೇ ಕಾದಿದ್ದ. ಮಂತ್ರಿಯನ್ನು ಎತ್ತಿ ಆಚೆಗಿಟ್ಟು ಕುದುರೆಯನ್ನಿಟ್ಟ.

"ಬೀಗರೇ, ಯಾರ ಮನೆ ಹೊಕ್ತೋ ಅದೇ ಆಗ್ಬೇಕು. ಕುದುರೆ ಮನೆಗೆ ಹೋದ್ರೆ ಕುದುರೆನೇ. ನಮ್ಮಜ್ಜನ ಕಾಲದಿಂದ ಇದೇ ಕಟ್ಟಳೆ. ಒಂದು ಕುದುರೆ ಇಟ್ಕೊಂಡು ನನ್ನ ರಾಜನ್ನ ಕಟ್ಟಿ, ನೋಡಾಣ."

"ಪೇಪರಿನೋರ ಆಟದಲ್ಲಿ ಯಾವ ಮನೇಲಾದ್ರೂ ಮಂತ್ರಿ ಮಾಡ್ಕೋಬೋದು ಕಣ್ರೀ!"

"ಅಲ್ಲಿ ಏನಾದ್ರೂ ಮಾಡ್ಕೊಳ್ಲಿ. ಇದು ಅಜ್ಜಂಪುರ."

ಜಗಲಿ ಎರಡು ಪಾಳಿಯಾಯಿತು. ಮಲ್ಲಿಕಾರ್ಜುನಯ್ಯ ಬಾಗಿಲ ಕಡೆ ತಿರುಗಿದರು. "ತಾಯೀ, ಅವ್ವಂಗೆ ಬರೋವಷ್ಟು ಆಟ ಅಪ್ಪಂಗೆ ಬರಲ್ಲ ಅಂತ ನಮ್ಮ ಸೊಸೆ ಯಾವಾಗ್ಲೂ ಹೇಳ್ತಾಳೆ. ನೀವೇ ನ್ಯಾಯ ಹೇಳಿ."

ಪಂಕಜಾಕ್ಷಿ ಮೊರ ಹಿಡಿದುಕೊಂಡೇ ಬಂದಳು. ಮಣೆ ನೋಡಿದಳು, ಗಂಡನನ್ನು ನೋಡಿದಳು.

"ಊರಿನ ಕಟ್ಟಳೇಲಿ ಕಾಲಾಳು ಮೊದಲನೇ ನಡೆಗೆ ಎಷ್ಟು ಮನೆ ಹೋಗ್ತದೆ?"

"ಒಂದು" ಅಂದವನು ನಾಲಿಗೆ ಕಚ್ಚಿಕೊಂಡ.

"ಬೆಳಿಗ್ಗೆ ಎರಡು ಮನೆ ಹಾರಿಸಿ ಟವಲ್ ಹಾಕಿದ್ರಲ್ಲ? ಪಟೇಲನ್ನ ಅಟ್ಟ ಹತ್ತಿಸಿದ್ರಿ, ಅದೂ ನಮ್ಮ ಆಟದಲ್ಲಿಲ್ಲ. ಹತ್ತೋವಾಗ ಅವರ ಬಸ್ಸು, ಇಳಿಯೋವಾಗ ನಮ್ಮೂರ ಗಾಡೀನಾ? ಮಂತ್ರಿ ಇಡ್ರಿ ಬೀಗರೇ."

ಜಗಲಿ ಬಿದ್ದು ಬಿದ್ದು ನಕ್ಕಿತು. ಮಂತ್ರಿ ಬಂದ ಮೇಲೆ ಬಿಳಿ ರಾಜನಿಗೆ ಹೆಚ್ಚು ಹೊತ್ತು ಉಳಿಗಾಲವಿರಲಿಲ್ಲ. ಕರೆಯುವ ಮೊದಲೇ ರಂಗಪ್ಪ ನೀರು, ಸೋಪು, ಕತ್ತಿ ಹಿಡಿದು ಬಂದಿದ್ದ.

ಮೀಸೆ ಹೋಯಿತು. ತುಟಿಯ ಮೇಲಿನ ಬಿಳಿಯ ಗೆರೆ ಬಿಸಿಲಿಗೆ ಬಂತು.

"ಇದೇನ್ರೀ ಬೀಗರೇ, ಗಾಯ?" ಅಂತ ಮಲ್ಲಿಕಾರ್ಜುನಯ್ಯ ಬಗ್ಗಿ ನೋಡಿದರು.

ಷಣ್ಮುಖಪ್ಪ ಹೆಂಡತಿಯ ಮುಖ ನೋಡಿದ. ಅವಳು ಒಂದು ಮಾತು ಹೇಳಿದರೆ ಸಾಕು, ತರೀಕೆರೆವರೆಗೂ ಸುದ್ದಿ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು, ಕಣ್ಣಲ್ಲೇ ಬೇಡಿಕೊಂಡ.

"ಅದಾ? ಅದೊಂದು ಆಟ ಅರ್ಧಕ್ಕೆ ನಿಂತದೆ" ಅಂದಳು ಪಂಕಜಾಕ್ಷಿ. "ಮುಗೀಲಿ, ಆಮೇಲೆ ಹೇಳ್ತೀನಿ. ಸ್ವಲ್ಪ ಜರುಗ್ರಿ ಬೀಗರೇ."

ಮೊರ ಬದಿಗಿಟ್ಟು, ಊರೆದುರು, ಗಂಡನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕಾಯಿ ಜೋಡಿಸತೊಡಗಿದಳು. ಅವಳ ಮುಖದಲ್ಲಿ ಆ ದೇವನೂರಿನ ಹುಡುಗಿಯೇ ಕೂತಿದ್ದಳು. ಅವನಿಗೆ ಹೆದರಿಕೆಯ ಜೊತೆಗೆ ಖುಷಿಯೂ ಆಯಿತು, ಯಾಕೆಂದು ತಿಳಿಯಲಿಲ್ಲ.

"ಯಾವ ಕಟ್ಟಳೆ?" ಅಂತ ಮೆತ್ತಗೆ ಕೇಳಿದ.

"ನಮ್ಮೂರ್ದೇ. ಇಟ್ಟ ನಡೆ ವಾಪಸ್ ಇಲ್ಲ."

ಷಣ್ಮುಖಪ್ಪ ಮೀಸೆ ತಿರುವಲು ಕೈ ಎತ್ತಿದ. ಅಲ್ಲೇನೂ ಇರಲಿಲ್ಲ. ಅದೇ ಕೈಯಿಂದ ರಾಜನ ಮುಂದಿನ ಕಾಲಾಳನ್ನು ನಡೆಸಿದ, ಒಂದೇ ಮನೆ.