ಶಾಂತಿ ಸಭೆಗೆ ಹೋದ ಸಂದೂಕ

ಈಗಲೂ ಎಲ್ಲಾದರೂ ಲೋಬಾನದ ಹೊಗೆ ಮೂಗಿಗೆ ಬಡಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು. ಮೊನ್ನೆ ಕೊಪ್ಪಳದ ಬಜಾರಿನಲ್ಲಿ ಒಬ್ಬ ಫಕೀರ ನವಿಲುಗರಿ ಬೀಸುತ್ತ, ಅಂಗಡಿ ಅಂಗಡಿಗೆ ಹೊಗೆ ಹಾಕುತ್ತ ಬಂದ. ಸೀರೆ ಕೊಳ್ಳಲು ಹೋದವಳು ಕಟ್ಟೆಯ ಮೇಲೆ ಹಾಗೇ ಕುಳಿತುಬಿಟ್ಟೆ. ಯಲಬುರ್ಗಾ ತಾಲೂಕಿನ ನಮ್ಮ ಊರು, ಮಣ್ಣಿನ ಮಾಳಿಗೆಯ ತಂಪು, ಗುರುವಾರದ ಸಂಜೆ, ಕೆಂಡದ ಮೇಲೆ ಚಿಟಿಕೆ ಚಿಟಿಕೆ ಲೋಬಾನ ಉದುರಿಸುವ ಆಯಿಯ ಸುಕ್ಕುಗಟ್ಟಿದ ಬೆರಳು. ಆಯಿ ಎಂದರೆ ಅಪ್ಪನ ತಾಯಿ, ನೀಲವ್ವ. ನಮ್ಮ ದೇವರ ಜಗಲಿಯ ಮೇಲೆ ವೀರಭದ್ರನಿದ್ದ, ಎಲ್ಲಮ್ಮನಿದ್ದಳು, ಅವರ ಮಗ್ಗುಲಲ್ಲೇ ಒಂದು ಮರದ ಸಂದೂಕವಿತ್ತು. ಕಿನ್ನಾಳದವರು ಬಣ್ಣ ಹಾಕಿದ್ದು. ಮುಚ್ಚಳದ ಮೇಲೆ ಎರಡು ಹಸಿರು ಗಿಳಿ. ಅದರೊಳಗೆ ಅಲಾಯಿ ದೇವರು, ಅಂದರೆ ಮೊಹರಮ್ಮಿನಲ್ಲಿ ಹೊತ್ತು ಮೆರೆಸುವ, ಅಂಗೈ ಆಕಾರದ ಬೆಳ್ಳಿಯ ಪಂಜಾ, ರೇಷ್ಮೆ ಬಟ್ಟೆ ಸುತ್ತಿಕೊಂಡು ವರ್ಷವಿಡೀ ಮಲಗಿರುತ್ತಿತ್ತು. ಲಿಂಗವಂತರ ಮನೆಗೆ ಅದು ಹೇಗೆ ಬಂತು ಎಂದು ನೀವು ಕೇಳಬಹುದು. ನಾವು ಯಾರೂ ಕೇಳಿರಲಿಲ್ಲ. ಮುತ್ತಜ್ಜನ ಕಾಲದಲ್ಲಿ ಮಸೂತಿಯ ಮಾಡು ಬಿದ್ದಾಗ ತಂದಿಟ್ಟರಂತೆ, ಮಾಡು ಎದ್ದ ಮೇಲೂ ಯಾರೂ ಒಯ್ಯಲಿಲ್ಲವಂತೆ, ಅಷ್ಟೇ.

ಅಲಾಯಿ ಹಬ್ಬದ ಚಂದ್ರ ಕಂಡ ಮರುದಿನ ಮುಲ್ಲಾ ಕಾಸೀಮಸಾಬ ಮಿಂದು, ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬರುತ್ತಿದ್ದ. ಅವನ ಹೊಲ ನಮ್ಮ ಹೊಲದ ಬದುವಿಗೇ ಹತ್ತಿಕೊಂಡಿತ್ತು. ಅವನೂ ಅಪ್ಪನೂ ಒಟ್ಟಿಗೆ ದನ ಕಾಯ್ದು ಬೆಳೆದವರು. ಅಪ್ಪನನ್ನು ಊರಿನಲ್ಲಿ 'ಶಿವೂ' ಎಂದು ಕರೆಯುವವನು ಅವನೊಬ್ಬನೇ. ನೇರ ಜಗಲಿಯ ತನಕ ಬಂದು, 'ಯವ್ವಾ, ಕೊಡ್ತೀಯೇನು?' ಎನ್ನುವನು. ಆಯಿ ಸೊಂಟದ ಕೀಲಿಕೈ ಬಿಚ್ಚುತ್ತ, 'ಹತ್ತು ದಿನಕ್ಕ ಹೊಳ್ಳಿ ತರಬೇಕು ನೋಡು. ಇಲ್ಲಂದ್ರ ನಿನ್ನ ಗಡ್ಡ ನನ್ನ ಕೈಯಾಗ ಐತಿ' ಎನ್ನುವಳು. ಆ ಮಾತಿಲ್ಲದೆ ಹಬ್ಬ ಶುರುವಾಗುತ್ತಿರಲಿಲ್ಲ. ಹತ್ತು ದಿನ ಮಸೂತಿಯ ಮುಂದೆ ಕುಣಿತ, ಹಲಗೆ, ಹರಕೆಯ ಸಕ್ಕರೆ ದೇವರ ಮುಂದಿಟ್ಟು ಮುಲ್ಲಾನಿಂದ ಓದಿಸುವ ಗದ್ದಲ. ಹನ್ನೊಂದನೆಯ ದಿನ ಸಂದೂಕ ತವರಿಗೆ ಬಂದ ಮಗಳಂತೆ ನಮ್ಮ ಜಗಲಿಗೆ ಬರುತ್ತಿತ್ತು, ಆಯಿ ಗಿಳಿಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ನಾನು ಏಳನೆಯ ತರಗತಿಯಲ್ಲಿದ್ದಾಗ, ಎಂಬತ್ತರ ದಶಕದ ಆರಂಭದಲ್ಲಿ, ಎಲ್ಲೋ ದೂರದ ಪಟ್ಟಣದಲ್ಲಿ ಗಲಾಟೆಯಾಯಿತಂತೆ. ನಮ್ಮ ಊರಿನಲ್ಲಿ ಏನೂ ಆಗಿರಲಿಲ್ಲ. ಆಗದಿರಲಿ ಎಂದು ಸರಕಾರ ಬಂತು. ಚಾವಡಿಯಲ್ಲಿ ಶಾಂತಿ ಸಭೆ ಎಂದು ಡಂಗುರ ಸಾರಿದರು. ತಹಸೀಲ್ದಾರರು ಬಂದರು, ಪೊಲೀಸರು ಬಂದರು, ಎರಡೂ ಧರ್ಮದವರು ಕೂಡಿ ಬಾಳಬೇಕೆಂದು ಭಾಷಣವಾಯಿತು. ತಹಸೀಲ್ದಾರ ಸಾಹೇಬರು ಕೆಟ್ಟವರೇನಲ್ಲ, ಮಾತೂ ಒಳ್ಳೆಯದೇ. ಆದರೆ ಹಿಂದೂಗಳಿಗೆ ಒಂದು ಬೆಂಚು, ಮುಸಲ್ಮಾನರಿಗೆ ಒಂದು ಬೆಂಚು ಹಾಕಿಸಿದ್ದರು. ಅಲ್ಲಿಯ ತನಕ ನಮ್ಮೂರಿನಲ್ಲಿ ಗೌಡರಿದ್ದರು, ಕುಲಕರ್ಣಿಗಳಿದ್ದರು, ಮುಲ್ಲಾ ಇದ್ದ. ಹಿಂದೂ ಮುಖಂಡ, ಮುಸ್ಲಿಂ ಮುಖಂಡ ಯಾರೂ ಇರಲಿಲ್ಲ. ಆವತ್ತು ಅಪ್ಪ ಹಿಂದೂ ಮುಖಂಡನಾದ. ಕೈಗಡಿಯಾರವಿತ್ತು, ದುಂಡಗೆ ಸಹಿ ಮಾಡುತ್ತಿದ್ದ, ಇನ್ನೇನು ಬೇಕು. ಎದುರಿನ ಬೆಂಚಿನಲ್ಲಿ ಕಾಸೀಮಸಾಬನನ್ನು ಕೂರಿಸಿದರು.

ಅಪ್ಪ ಇದನ್ನೆಲ್ಲ ಮನೆಗೆ ಬಂದು ಊಟಕ್ಕೆ ಕುಳಿತು ಹೇಳಿದ. ಮುಖ ಹೊಳೆಯುತ್ತಿತ್ತು. 'ನನಗ ಖುರ್ಚಿ ಕೊಟ್ರು ಯವ್ವಾ. ಬೆಂಚಿನಿಂದ ಎಬ್ಬಿಸಿ ಸಾಹೇಬ್ರ ಬಾಜೂಕ ಕುಂಡ್ರಿಸಿದ್ರು.' ಆಯಿ ರೊಟ್ಟಿ ಹಾಕುತ್ತ, 'ಖುರ್ಚಿ ಕೊಟ್ಟು ಏನ ತೊಗೊಂಡ್ರು?' ಎಂದಳು. ಅಪ್ಪ ರೊಟ್ಟಿ ಮುರಿದ. ಆಮೇಲೆ ತಟ್ಟೆ ನೋಡುತ್ತ ಹೇಳಿದ. ಅಲಾಯಿ ದೇವರು ಯಾರ ಸುಪರ್ದಿನಲ್ಲಿದೆ ಎಂದು ಸಾಹೇಬರು ಕೇಳಿದ್ದರು. ಕಾಸೀಮಸಾಬ, 'ಶಿವೂನ ಮನ್ಯಾಗ ಐತ್ರಿ' ಎಂದಿದ್ದ. ಒಬ್ಬರ ದೇವರು ಇನ್ನೊಬ್ಬರ ಮನೆಯಲ್ಲಿದ್ದು ನಾಳೆ ಹೆಚ್ಚುಕಡಿಮೆಯಾದರೆ ಯಾರು ಜವಾಬ್ದಾರಿ ಎಂದು ಸಾಹೇಬರು ಅಪ್ಪನ ಕಡೆ ನೋಡಿದ್ದರು. ಅದು ನಮ್ಮ ದೇವರೂ ಹೌದು ಎಂಬ ಒಂದು ಮಾತು ಸಾಕಿತ್ತು. ಹಿಂದೂ ಮುಖಂಡ ಎಂದು ಬರೆಸಿಕೊಂಡು ಆಗಲೇ ಒಂದು ತಾಸು ಕುಳಿತವನ ಬಾಯಿಗೆ ಆ ಮಾತು ಬರಲಿಲ್ಲ. 'ಅವರ ವಸ್ತು ಅವರ ಕಡೆ ಇರೋದ ಛಲೋರಿ' ಎಂದು ಸಹಿ ಮಾಡಿ ಬಂದಿದ್ದ. ಆಯಿ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು. 'ಊರಿಗುಪಕಾರಿ, ಮನಿಗೆ ಮಾರಿ' ಎಂದು ಎದ್ದು ಹೋದಳು. ನಾನು ಅಪ್ಪನನ್ನು ಪ್ರೀತಿಸುತ್ತಿದ್ದೆ, ಈಗಲೂ ಪ್ರೀತಿಸುತ್ತೇನೆ. ಆ ಸಹಿಯನ್ನು ಮಾತ್ರ ಕ್ಷಮಿಸಿಲ್ಲ.

ಮರುದಿನ ಮುಂಜಾನೆ ಪೊಲೀಸನ ಜೊತೆ ಕಾಸೀಮಸಾಬ ಬಂದ. ಹೊಸ್ತಿಲ ಹೊರಗೇ ನಿಂತ. ಅವನು ನಮ್ಮ ಹೊಸ್ತಿಲ ಹೊರಗೆ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಸಂದೂಕವನ್ನು ಮಸೂತಿಯಲ್ಲಿಟ್ಟು ಹೊಸ ಕೀಲಿ ಜಡಿಯುವುದು, ಕೀಲಿಕೈ ಠಾಣೆಯಲ್ಲಿರುವುದು, ಹಬ್ಬಕ್ಕೆ ಮಾತ್ರ ತೆಗೆಯುವುದು ಎಂದು ಠರಾವಾಗಿತ್ತು. 'ನಾ ಬ್ಯಾಡಂದೆ ಯವ್ವಾ. ನನ್ನ ಮಾತು ಬರಕೊಳ್ಳಲಿಲ್ಲ' ಎಂದ. ಪೊಲೀಸ ಕಾಗದ ಚಾಚಿ, 'ಒಪ್ಪಿಸಿದ್ದಕ್ಕ ಹೆಬ್ಬಟ್ಟು ಒತ್ರಿ ಅಮ್ಮಾರ' ಎಂದ. 'ಇಷ್ಟು ವರ್ಷ ಹೆಬ್ಬಟ್ಟಿಲ್ಲದ ಕೊಟ್ಟೇನಲ್ಲಪಾ' ಎಂದಳು ಆಯಿ. ಆದರೂ ಒತ್ತಿದಳು. ಅಪ್ಪ ಹಿತ್ತಲಲ್ಲಿ ಎತ್ತಿಗೆ ನೀರು ಕುಡಿಸುವ ನೆವದಲ್ಲಿ ನಿಂತೇ ಇದ್ದ. ಆವತ್ತಿನಿಂದ ಕಾಸೀಮಸಾಬನ ಬಾಯಲ್ಲಿ 'ಶಿವೂ' ಹೋಗಿ 'ಶಿವಪ್ಪನವರ' ಬಂತು. ಗುರುವಾರ ಬಂದರೆ ಆಯಿ ಕೆಂಡ ಮಾಡಿಕೊಂಡು ಜಗಲಿಯ ತನಕ ಬರುವಳು, ಖಾಲಿ ಜಾಗ ನೋಡುವಳು, ಕೆಂಡವನ್ನು ಒಲೆಗೆ ಸುರಿಯುವಳು.

ಮುಂದಿನ ಮೊಹರಮ್ಮಿಗೆ, ಆ ಸಭೆಯಲ್ಲಿ ಹುಟ್ಟಿದ ಶಾಂತಿ ಸಮಿತಿಯವರು ಗುಲಾಬಿ ಬಣ್ಣದ ಕರಪತ್ರ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರು. ನಮ್ಮ ಮನೆಗೂ ಒಂದು ಬಂತು. ಆಯಿಗೆ ಓದು ಬಾರದು, ನಾನೇ ಓದಿ ಹೇಳಿದೆ: ಅಲಾಯಿ ದೇವರ ದರ್ಶನಕ್ಕೆ ಹಿಂದೂ ಬಾಂಧವರೂ ಆಗಮಿಸಿ ಸೌಹಾರ್ದ ಮೆರೆಯಬೇಕಾಗಿ ವಿನಂತಿ. ಕೆಳಗೆ ಹೆಸರುಗಳಿದ್ದವು, ಮೊದಲನೆಯದು ಅಪ್ಪನದು.

'ಯಾರನ್ನ ಕರದಾರ?' ಎಂದಳು.

'ನಮ್ಮನ್ನ, ಆಯಿ.'

ಅವಳು ಕಾಗದ ಇಸಿದುಕೊಂಡು ತಿರುವಿ ಮುರುವಿ ನೋಡಿದಳು. 'ಮಂದಿ ಮನಿಗೆ ಕರದ್ರ ಹೋಗಬಹುದು. ನನ್ನ ದೇವರ ಹತ್ರ ನಾ ಕರಿಸ್ಕೊಂಡು ಹೆಂಗ ಹೋಗಲಿ?'

ಪಡಸಾಲೆಯಲ್ಲಿದ್ದ ಅಪ್ಪನಿಗೆ ಅದು ಕೇಳಿಸಿತು. ಅವನು ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಂಡು ಸಮಿತಿಯ ಸಭೆಗೆ ಹೋದ. ಆಯಿ ದರ್ಶನಕ್ಕೆ ಹೋಗಲಿಲ್ಲ, ಅದರ ಮುಂದಿನ ಮೊಹರಮ್ಮಿಗೆ ಅವಳೇ ಇರಲಿಲ್ಲ. ನಮ್ಮೂರಿನಲ್ಲಿ ಆಗಲೂ ಜಗಳವಾಗಲಿಲ್ಲ, ಈಗಲೂ ಇಲ್ಲ. ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ, ಶಾಂತವಾಗಿದ್ದಾರೆ.