ಎರಡು ತಲೆಯ ವಾಯರು

ಮುಂಗೋಪಿ ಎಂದು ಶಿಗ್ಗಾಂವಿಯಲ್ಲಿ ನನಗೆ ಹೆಸರಿತ್ತು. ಬಸ್ ನಿಲ್ದಾಣದ ಹಿಂದೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಎಂಬತ್ತರ ದಶಕದ ನಡುವೆ, ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಆ ದಿನಗಳಲ್ಲಿ, ಹುಬ್ಬಳ್ಳಿಯಿಂದ ಹಳೆಯದೊಂದು ಜನರೇಟರ್ ತಂದೆ. ಇಬ್ಬರು ಹಿಡಿದು ಎತ್ತುವಷ್ಟು ಭಾರ. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಹಾನಗಲ್ಲು, ಹಿರೇಕೆರೂರು, ಸವಣೂರು ಎಂದು ತಿರುಗಿದ್ದೇ ತಿರುಗಿದ್ದು.

ಅದರ ವಿಷಯದಲ್ಲಿ ನಾನು ಬಲು ಶಿಸ್ತಿನವನು. ಮನೆಯೊಳಗಾಗಲಿ ಕಿಟಕಿಯ ಬುಡದಲ್ಲಾಗಲಿ ಅದನ್ನು ಇಡಗೊಡುತ್ತಿರಲಿಲ್ಲ. ಆ ಹೊಗೆ ಮನುಷ್ಯನನ್ನು ಮಲಗಿದಲ್ಲೇ ಮುಗಿಸುತ್ತದೆ. ಬಿಸಿ ಇಂಜಿನ್ನಿಗೆ ಎಣ್ಣೆ ಸುರಿಯಲು ಬಂದವರನ್ನು ಬೈದು ಅಟ್ಟುತ್ತಿದ್ದೆ. "ಏನ್ ಸೊಕ್ಕಲೇ ಇವಂದು, ತಾನ ಕರೆಂಟ್ ಹುಟ್ಟಸಿದಾಂವ್ನಂಗ ಮಾಡ್ತಾನ" ಎಂದು ಜನ ಆಡಿಕೊಳ್ಳುತ್ತಿದ್ದರು. ಅದನ್ನು ಕೇಳಿ ಒಳಗೊಳಗೇ ಬೀಗುತ್ತಿದ್ದೆ.

ಇಷ್ಟೆಲ್ಲ ಶಿಸ್ತಿನವನ ಚೀಲದಲ್ಲಿ ಒಂದು ವಾಯರಿತ್ತು, ಎರಡೂ ತುದಿಗೆ ಪಿನ್ನು ಇದ್ದದ್ದು. ನಾನೇ ಮಾಡಿಕೊಂಡದ್ದು. ಒಂದು ತಲೆ ಜನರೇಟರಿಗೆ, ಇನ್ನೊಂದು ಮನೆಯ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಇಡೀ ಮನೆಯ ದೀಪ, ಫ್ಯಾನು ಎಲ್ಲ ನಡೆಯುತ್ತಿದ್ದವು. ಬೇರೆ ವಾಯರು ಎಳೆಯುವ ತಾಪತ್ರಯವಿಲ್ಲ. ಆದರೆ ಮನೆಯ ಮೇನ್ ಸ್ವಿಚ್ ಇಳಿಸಿ ಫ್ಯೂಜು ಕಿತ್ತಿಡಬೇಕು. ಇಲ್ಲವಾದರೆ ಜನರೇಟರಿನ ಕರೆಂಟು ಮನೆಯಲ್ಲಿ ನಿಲ್ಲದೆ ಬೀದಿಯ ಕಂಬಕ್ಕೆ ಹಿಂದಿರುಗಿ ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅಂಥ ವಾಯರನ್ನು ಮಾಡಲೇಬಾರದು ಎಂಬ ಬುದ್ಧಿ ಮಾತ್ರ ಇರಲಿಲ್ಲ.

ಸವಣೂರಿನ ಆಚಾರವಂತರೊಬ್ಬರ ಮನೆಯಲ್ಲಿ ಮುಂಜಿವೆ. ಅವರ ಬೀದಿಯಲ್ಲೇ ಕಂಬದ ಕೆಲಸವೆಂದು ಅಂದು ಬೆಳಿಗ್ಗೆಯಿಂದ ಕರೆಂಟು ತೆಗೆದಿದ್ದರು. ಜನರೇಟರನ್ನು ಹಿತ್ತಲಲ್ಲಿ ದೂರವಿಟ್ಟೆ. ಮೇನ್ ಸ್ವಿಚ್ ಇದ್ದದ್ದು ಅಡುಗೆಮನೆಯ ಗೋಡೆಯ ಮೇಲೆ. ಒಳಗೆ ಮಡಿಯಲ್ಲಿ ಅಡುಗೆ ನಡೆದಿತ್ತು. ನಾನು ಹೊಸ್ತಿಲು ದಾಟುವಂತಿರಲಿಲ್ಲ. ಹೊರಗೇ ನಿಂತು ಒಲೆಯ ಮುಂದಿದ್ದ ಅಜ್ಜಿಗೆ ಹೇಳಿದೆ.

"ಅವ್ವಾರ, ಆ ಮೇನ್ ಒಂದ್ ಬಂದ್ ಮಾಡ್ರಿ."

ಅವರು ಎದ್ದು ಗೋಡೆಯ ಕಡೆ ಹೋದರು. "ಮಾಡೇನಪಾ" ಎಂದರು, ನನ್ನತ್ತ ತಿರುಗದೆ.

ಫ್ಯೂಜು ಕಿತ್ತು ಹೊಸ್ತಿಲ ಮೇಲೆ ಇಡ್ರಿ, ನಾನು ಎತ್ತಿಕೊಳ್ಳುತ್ತೇನೆ ಎನ್ನಬೇಕಿತ್ತು. ಅನ್ನಲಿಲ್ಲ. ಹೊರಗೆ ನಿಲ್ಲಿಸಿದರಲ್ಲ ಎಂಬ ಸಿಟ್ಟು ಮೂಗಿನ ತುದಿಯಲ್ಲಿತ್ತು. ಇವರನ್ನು ಇನ್ನೊಂದು ಸಲ ಏನು ಕೇಳುವುದು ಎಂದು ದುಮುಗುಡುತ್ತ ಹೋಗಿ, ವಾಯರು ಚುಚ್ಚಿ, ಇಂಜಿನ್ನಿನ ಹಗ್ಗ ಎಳೆದೆ.

ಫ್ಯಾನುಗಳು ತಿರುಗಿದವು. ಸ್ವಲ್ಪ ಹೊತ್ತಿಗೆ ಇಂಜಿನ್ನು ಒಮ್ಮೆಲೇ ಮುಲುಗಿತು. ಬೀದಿಯ ಕಂಬ ಹತ್ತಿದ್ದ ಕೆಲಸಗಾರ, ಬಿಚ್ಚಿಟ್ಟಿದ್ದ ಮನೆಗಳ ತಂತಿಯನ್ನು ಮತ್ತೆ ಬೀದಿಯ ತಂತಿಗೆ ಜೋಡಿಸಿದ ಗಳಿಗೆ ಅದು ಎಂದು ನನಗೆ ಹೊಳೆದದ್ದು ಆಮೇಲೆ. ಆಗ ಯಾರೋ ಮಿಕ್ಸರ್ ಹಚ್ಚಿದರೆಂದು ತಿಳಿದು ಇಂಜಿನ್ನಿನ ವೇಗ ಏರಿಸಿದೆ. ಅಷ್ಟರಲ್ಲಿ ಬೀದಿಯಲ್ಲಿ ಕೂಗೆದ್ದಿತು. ಕರೆಂಟು ಹೊಡೆದು ಕಂಬದ ಮೇಲಿದ್ದವನು ಕೆಳಗೆ ಬಿದ್ದಿದ್ದ.

ಮಷಿನ್ ನಿಲ್ಲಿಸಿ ಅಡುಗೆಮನೆಯ ಬಾಗಿಲಿಗೆ ಓಡಿ ಇಣುಕಿದೆ. ಮೇನ್ ಸ್ವಿಚ್ಚಿನ ಹಿಡಿಕೆ ಮೇಲೇ ಇತ್ತು. ಅಜ್ಜಿ ಬಂದ್ ಮಾಡಿದ್ದು ಪಕ್ಕದ ಬಲ್ಬಿನ ಗುಂಡಿಯನ್ನು. ಅವರದೇನು ತಪ್ಪು? ನಾನು ವಾಯರು ಕಿತ್ತು, ಸುತ್ತಿ, ಚೀಲದ ತಳಕ್ಕೆ ತುರುಕಿದೆ. ಬೀದಿಗೆ ಹೋದದ್ದು ಅದಾದ ಮೇಲೆ.

ಬಿದ್ದವನು ಬದುಕಿದ್ದ. ಬಲಗೈ ಮುರಿದಿತ್ತು. ಕಂತ್ರಾಟದಾರನೊಬ್ಬನ ಕೈಕೆಳಗೆ ಅವನೂ ಅವನ ಗೆಳೆಯನೂ ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಇವನು ಕಂಬ ಹತ್ತಿದರೆ ಗೆಳೆಯ ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತು ಕಾಯಬೇಕು. ಆ ಗೆಳೆಯ ಮೂರೂ ಫ್ಯೂಜುಗಳನ್ನು ಎದೆಗೆ ಅವಚಿಕೊಂಡು ಓಡಿ ಬಂದ.

"ಮೂರೂ ನನ್ನ ಕಡೇನ ಅದಾವ್ರಿ, ನೋಡ್ರಿ. ನಾ ಕರೆಂಟ್ ಬಿಟ್ಟಿಲ್ರಿ."

"ಈಗ ಕಿತ್ಕೊಂಡ ಬಂದಾನ" ಎಂದರು ಗುಂಪಿನಲ್ಲಿ ಯಾರೋ. ಆಮೇಲೆ ಒಬ್ಬೊಬ್ಬರೂ ಬಾಯಿಗೆ ಬಂದಂತೆ ಬೈದರು. ಬಿದ್ದವನು ಹಲ್ಲು ಕಚ್ಚಿಕೊಂಡು ಗೆಳೆಯನಿಗೆ ಹೇಳಿದ, "ನಿನ್ನ ನಂಬಿ ಹತ್ತಿದ್ನಲ್ಲೋ."

ನನ್ನ ಒಂದು ಮಾತು ಸಾಕಿತ್ತು. ಊರೆಲ್ಲ ಬೈದು ತಿರುಗುತ್ತಿದ್ದ ನಾಲಗೆ ಅಂದು ಏಳಲಿಲ್ಲ. ಪೊಲೀಸರು, ಕೇಸು, ಅಂಗಡಿಗೆ ಬೀಗ, ಇವೇ ಕಣ್ಣ ಮುಂದೆ. ಬಿದ್ದವನನ್ನು ಟಾಂಗಾಕ್ಕೆ ಎತ್ತಿ ಹಾಕಲು ಮಾತ್ರ ಎಲ್ಲರಿಗಿಂತ ಮುಂದಾದೆ. "ಚಲೋ ಮನಷ್ಯಾ ಅದಾನ" ಎಂದರು ಜನ. ನನ್ನ ಜನ್ಮಕ್ಕಿಷ್ಟು ಬೆಂಕಿ ಬೀಳಲಿ ಎನ್ನಿಸಿತು. ಗೆಳೆಯನನ್ನು ಮರುದಿನವೇ ಕೆಲಸದಿಂದ ಬಿಡಿಸಿದರೆಂದು ವಾರದ ಮೇಲೆ ತಿಳಿಯಿತು. ವಾಯರನ್ನು ತುಂಡು ತುಂಡು ಮಾಡಿ ಎಸೆದೆ. ಅದರಿಂದ ಅವನಿಗೇನು ಬಂತು?

ಆ ಗೆಳೆಯನ ಊರು ಹತ್ತಿಮತ್ತೂರು ಸವಣೂರಿನಿಂದ ಎಷ್ಟು ದೂರ? ಅವನ ಮನೆಗೆ ಹೋಗಲು ನನಗೆ ಮೂರು ವರ್ಷ ಬೇಕಾಯಿತು. ಅವನು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಸವಣೂರಿನ ಕಂಬದ ಮಾತು ಎತ್ತಿದೊಡನೆ ತಾನೇ ಶುರು ಮಾಡಿದ.

"ಒಂದ್ ಫ್ಯೂಜ್ ಕೀಳೂದು ಮರತಿರಬೇಕ್ರಿ ನಾ. ಮೊದ್ಲ ಇಲ್ಲ ಇಲ್ಲ ಅಂತಿದ್ನಿ. ಅಷ್ಟೂ ಮಂದಿ ಅಂದ್ರಂದ್ರ ಖರೇನ ಇರಬೇಕಲ್ರಿ. ಗೆಳ್ಯಾನ ಕೈ ಮುರದ್ನಿ."

ಹೇಳಿಬಿಟ್ಟೆ. ವಾಯರು, ಮೇನ್, ಚೀಲದಲ್ಲಿ ಬಚ್ಚಿಟ್ಟದ್ದು, ಎಲ್ಲ. ಹೊಡೆದರೆ ಹೊಡೆಸಿಕೊಳ್ಳಬೇಕೆಂದೇ ಹೋಗಿದ್ದೆ. ಅವನು ಹಗ್ಗ ಕೆಳಗಿಟ್ಟು ಮೆಲ್ಲಗೆ ಕೇಳಿದ.

"ಹಂಗಾರ ನಾ ಮೂರೂ ಕಿತ್ತಿದ್ನೇನ್ರಿ?"

"ಮೂರೂ ಕಿತ್ತಿದ್ರಿ, ಅಣ್ಣಾರ."

ಅವನಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಆ ನಗುವನ್ನು ನೋಡಲು ನನ್ನಿಂದಾಗಲಿಲ್ಲ. ಒಳಗಿದ್ದ ಹೆಂಡತಿಯನ್ನು ಕರೆದು, "ಇಕಿ ಮುಂದ ಇನ್ನೊಮ್ಮೆ ಹೇಳ್ರಿ" ಎಂದ. ಮೊದಲಿನಿಂದ ಹೇಳಿದೆ. ಆಕೆ ಬಾಗಿಲಿಗೆ ಆತು ನಿಂತು ಪೂರ್ತಿ ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಇವ್ರನ್ನ ಎಲ್ಲಾರೂ ಬೈಯೂವಾಗ ನೀವು ಅಲ್ಲೇ ನಿಂತಿದ್ರೇನ್ರಿ?"

"ನಿಂತಿದ್ನಿರಿ" ಎಂದೆ.