ಎಡಗಾಲಿಗೆ ಕಟ್ಟಿದ ಕಟ್ಟು

ಚಳಿ ಶುರುವಾಯಿತೆಂದರೆ ನಮ್ಮ ರಾಜಾಜಿನಗರದ ಮನೆಯಲ್ಲಿ ಬಿಸಿ ಹರಳೆಣ್ಣೆಯ ವಾಸನೆ ಏಳುತ್ತದೆ. ನನ್ನ ಬಲ ಮಂಡಿಗೆ ಎಣ್ಣೆ ತಿಕ್ಕುತ್ತಾ ನನ್ನಾಕೆ ನಾಯಂಡಹಳ್ಳಿಯ ಮುನಿಯಪ್ಪನನ್ನು ಬೈಯುತ್ತಾಳೆ. "ಅವನ ಕೈ ಸೇದ್ಹೋಗ! ಚಿನ್ನದಂಥ ಕಾಲು ಮುರಿದ್ನಲ್ಲ!" ಅವಳು ಆತನ ಮುಖವನ್ನೂ ಕಂಡವಳಲ್ಲ. ನಿನ್ನೆಯೂ ಬೈದಳು. ನಾನು ಗೋಡೆ ನೋಡುತ್ತಾ ಕೂತಿದ್ದೆ. ಏಕೆಂದು ನಿಮಗೆ ಹೇಳುತ್ತೇನೆ, ನಾಚಿಕೆಯಾದರೂ.

ಐವತ್ತರ ದಶಕದ ಮಾತು. ಕೆಂಗೇರಿಯಲ್ಲಿ ನಮ್ಮದೊಂದು ಕಬಡ್ಡಿ ತಂಡವಿತ್ತು. ಹೆಗಲಿಗೆ ಟವೆಲು ಹಾಕಿಕೊಂಡು ನಡೆದರೆ ಊರೇ ನಮ್ಮನ್ನು ನೋಡುತ್ತಿದೆ ಎಂದುಕೊಂಡಿದ್ದ ವಯಸ್ಸು. ನೋಡುತ್ತಿದ್ದದ್ದು ಬಹುಶಃ ಎಮ್ಮೆಗಳು ಮಾತ್ರ. ನಾಯಕ ಗಂಗಣ್ಣನದು ಒಂದು ಕಟ್ಟಳೆ: ಗೆರೆಯೊಳಗೆ ಕಾಲಿಟ್ಟ ಮೇಲೆ 'ನೋವು' ಎಂಬ ಮಾತೇ ಆಡಬಾರದು. "ಬಾಯಲ್ಲಿ ಅಂದ್ರೆ ಕಾಲಿಗೆ ಕೇಳಿಸ್ಬಿಡುತ್ತೆ ಕಣೋ," ಎನ್ನುತ್ತಿದ್ದ. ಬಿದ್ದವನು ಅಲ್ಲಿನ ಮಣ್ಣನ್ನೇ ಹಣೆಗೊತ್ತಿಕೊಂಡು, "ಏನಿಲ್ಲಣ್ಣ," ಎಂದು ಏಳಬೇಕು. ಸಣ್ಣಪುಟ್ಟ ಪೆಟ್ಟಿಗೆ ಅದು ಕೆಲಸವನ್ನೂ ಮಾಡುತ್ತಿತ್ತೆನ್ನಿ.

ನಾಯಂಡಹಳ್ಳಿಯವರ ಮೇಲೆ ಪಂದ್ಯ ನಿಗದಿಯಾಗಿತ್ತು. ಅದಕ್ಕೆ ಮುಂಚೆ ಅಭ್ಯಾಸದಲ್ಲಿ ನನ್ನ ಬಲ ಮಂಡಿ ಉಳುಕಿತು. ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತಿತ್ತು. ಹೇಳಿದರೆ ನನ್ನ ಜಾಗಕ್ಕೆ ಬೇರೊಬ್ಬ ಬರುತ್ತಾನೆ. ಹೇಳದಿದ್ದರೆ ಎದುರಾಳಿಗಳು ಅದೇ ಕಾಲಿಗೆ ಬೀಳಬಹುದು. ಆಗ ಹೊಳೆಯಿತು ನೋಡಿ, ನನ್ನ ಮಹಾಬುದ್ಧಿಗೊಂದು ಉಪಾಯ. ಗಟ್ಟಿಯಾಗಿದ್ದ ಎಡ ಮಂಡಿಗೆ ಹಳೇ ಪಂಚೆ ಹರಿದು ದಪ್ಪಗೆ ಕಟ್ಟು ಕಟ್ಟಿದೆ. ಕಟ್ಟು ಕಂಡವರು ಪೆಟ್ಟಾದ ಕಾಲು ಅದೇ ಎಂದು ಅದಕ್ಕೇ ಕೈ ಹಾಕುತ್ತಾರೆ, ಬಲಗಾಲು ಬಚಾವ್!

"ಏನೋ ಅದು?" ಎಂದ ಗಂಗಣ್ಣ.

"ಏನಿಲ್ಲಣ್ಣ, ಸುಮ್ನೆ ಭದ್ರಕ್ಕೆ."

ಪಂದ್ಯದ ದಿನ ಉಸಿರು ಹಿಡಿದು ಅವರ ಅಂಕಣಕ್ಕೆ ನುಗ್ಗಿದೆ. ಕಾಲು ಹಿಡಿಯುವುದರಲ್ಲಿ ಪಳಗಿದ್ದ ಮುನಿಯಪ್ಪ ನನ್ನ ಕಟ್ಟು ನೋಡಿದ, ಬದಿಗೆ ಸರಿದ, ಬಲಗಾಲಿಗೆ ಬಿದ್ದ. ಮಂಡಿ ಲಟಕ್ಕೆಂದಿತು. ನಾನು ಅರಚಿದ್ದು ಮೈಸೂರು ರಸ್ತೆಯ ಎತ್ತಿನಗಾಡಿಗಳವರೆಗೂ ಕೇಳಿಸಿರಬೇಕು. ಮುನಿಯಪ್ಪ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟ.

"ಕಟ್ಟಿರೋ ಕಾಲಿಗೆ ಯಾರೂ ಕೈ ಹಾಕ್ಬೇಡ್ರೋ ಅಂತ ನಮ್ಮೋರಿಗೆ ನಾನೇ ಹೇಳಿದ್ದೆ ಕಣಣ್ಣ. ನಿಂಗೆ ನೋಯ್ಬಾರ್ದು ಅಂತ್ಲೇ ಈ ಕಾಲು ಹಿಡಿದೆ. ಗಟ್ಟಿ ಕಾಲು ಮುರಿದ್ಬಿಟ್ನಲ್ಲ!"

ನಾನು ಅವರನ್ನು ಏನೆಂದು ತಿಳಿದಿದ್ದೆ, ಅವರು ಎಂಥವರಾಗಿದ್ದರು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನಿಜ ಹೇಳಲಿಲ್ಲ. ನಾಟಿ ವೈದ್ಯರಿಂದ ಬಲಗಾಲಿಗೆ ನಿಜವಾದ ಕಟ್ಟು ಕಟ್ಟಿಸಿಕೊಂಡು ಮಲಗಿದ್ದಾಗ ಮುನಿಯಪ್ಪ ನಾಟಿ ಕೋಳಿಯ ಮೊಟ್ಟೆ ತಂದುಕೊಟ್ಟು, ತಲೆ ತಗ್ಗಿಸಿ ಕೂತು ಹೋಗುತ್ತಿದ್ದ. ಮೊಟ್ಟೆಗಳನ್ನು ತಿಂದೆ. ಮಂಡಿ ಕೂಡಿತು. ಆದರೆ ಅಂಕಣದ ಗೆರೆ ಕಂಡರೆ ದಾರಿ ಬದಲಿಸುತ್ತಿದ್ದೆ. ಮತ್ತೆ ಆಟಕ್ಕೆ ಇಳಿಯಲೇ ಇಲ್ಲ. ಮುನಿಯಪ್ಪನೂ ಆಮೇಲೆ ಯಾರ ಕಾಲನ್ನೂ ಹಿಡಿಯಲಿಲ್ಲವಂತೆ.

ನಿನ್ನೆ ಬೈಗುಳ ಮುಗಿಸಿ ನನ್ನಾಕೆ ಎಂದಿನಂತೆ ಕೇಳಿದಳು, "ನೋವಿದ್ಯೇನ್ರೀ?"

ಇಷ್ಟು ವರ್ಷ "ಏನಿಲ್ಲ" ಎಂದೇ ಬಂದಿದ್ದೆ. "ಇದೆ ಕಣೇ, ತುಂಬಾ ಇದೆ. ಮುನಿಯಪ್ಪ ಹಿಡಿಯೋಕೆ ಮುಂಚೇನೇ ಇತ್ತು," ಎಂದು ಎಲ್ಲವನ್ನೂ ಹೇಳಿದೆ.

ಅವಳ ಕೈ ಮಂಡಿಯ ಮೇಲೆ ನಿಂತುಬಿಟ್ಟಿತು. "ಅಯ್ಯೋ! ಹಾಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು?"

"ನನಗೇ ಅಂದ್ಕೋ."

ಅವಳು ಮತ್ತೆ ಎಣ್ಣೆ ತಿಕ್ಕತೊಡಗಿದಳು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.